ಹೊರಗ ಹೋಗಿ ನೋಡಿ ಹೇಳು

ಕಳೆದ ಭಾನುವಾರ ಸಂಜೆ ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಸೀತನಿ ಸುಡುವ ವಾಸನೆ ಬಂತು. ಕುಳ್ಳಿನ ಕೆಂಡದ ಹೊಗೆ, ಅದರೊಳಗೆ ಹಸಿ ಜೋಳದ ತೆನೆ ಬೇಯುವ ಘಮ. ಗಾಡಿಯವನು ಬೆಂದ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಕಾಗದದ ಮೇಲೆ ಸುರಿದು, ಪಕ್ಕಕ್ಕೆ ಒಂದಿಷ್ಟು ಶೇಂಗಾ ಚಟ್ನಿ ಇಟ್ಟು ಕೊಟ್ಟ. ಬಾಯಿಗೆ ಹಾಕಿಕೊಂಡೆ. ಕಾಳು ಮೆತ್ತಗಿತ್ತು, ಆದರೆ ಸಿಹಿ ಸಾಲದು.

“ಈ ಸಲ ಥಂಡೀನ ಬಿದ್ದಿಲ್ರಿ ವೈನಿ, ಸಿಹಿ ಎಲ್ಲಿಂದ ಬರಬೇಕು?” ಅಂದ.

ಅವನ ಮಾತು ಕೇಳಿದ್ದೇ ತಡ, ನಮ್ಮ ಭೂಗೋಳದ ಸರ್ ನೆನಪಾದರು. ಅವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಯಾವ ಊರಿನ ಹೊಲ, ಎಂದು ಬಿತ್ತಿದ್ದು, ಬೆಳಿಗ್ಗೆ ತೆನೆಯ ಮೇಲೆ ಇಬ್ಬನಿ ಇರುತ್ತದೋ ಇಲ್ಲವೋ ಎಂದು ಕೇಳುತ್ತ ಆ ಗಾಡಿಯವನನ್ನು ಅರ್ಧ ತಾಸು ಹಿಡಿದು ನಿಲ್ಲಿಸುತ್ತಿದ್ದರು. ಕಾಗದ ಕೈಯಲ್ಲಿ ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ...

ನಾನು ಕಲಿತದ್ದು ಅಕ್ಕಲಕೋಟೆಯ ಕನ್ನಡ ಸಾಲಿಯಲ್ಲಿ. ಅಲ್ಲಿ ಪಡಸಾಲೆಯ ಕಂಬಕ್ಕೆ ಸರ್ ಒಂದು ಥರ್ಮಾಮೀಟರ್ ತೂಗುಹಾಕಿದ್ದರು. ದಿನಕ್ಕೊಬ್ಬರ ಪಾಳಿ. ಪ್ರಾರ್ಥನೆಗೆ ಮೊದಲು ಹೋಗಿ ಅದನ್ನು ನೋಡಿ ಬಂದು, ಹಲಗೆಯ ಮೂಲೆಯಲ್ಲಿ ಅಂಕಿ ಬರೆಯಬೇಕು. ಬರೆದ ಮೇಲೆ ಸರ್ ತಪ್ಪದೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: “ಬರೋಬರ್. ಮತ್ತೇನ ಕಂಡಿ?” ಏನನ್ನಾದರೂ ಹೇಳಲೇಬೇಕು. ಮೋಡ, ಇರುವೆ, ಗೋಡೆ ಮೇಲಿನ ಹಸಿ, ಏನಾದರೂ.

ಒಂದು ಸಲ ನನ್ನ ಪಾಳಿಯ ದಿನ ನಾನು ತಡವಾಗಿ ಬಂದೆ. ಹಿಂದಿನ ದಿನದ ಅಂಕಿಯನ್ನೇ ಸ್ವಲ್ಪ ತಿದ್ದಿ ಬರೆದುಬಿಟ್ಟೆ. “ಮತ್ತೇನ ಕಂಡಿ?” ಅಂದರು. ನಾನು ಹಲಗೆಯ ಅಂಕಿಯನ್ನೇ ನೋಡತೊಡಗಿದೆ. ಅವರು ಬೈಯಲಿಲ್ಲ. “ಹೊರಗ ಹೋಗಿ ನೋಡಿ ಹೇಳು” ಅಂದರು, ಅಷ್ಟೇ. ಹೋದೆ. ಸಾಲಿಯ ಗಂಟೆಯೆಂದು ನಾವು ಬಾರಿಸುತ್ತಿದ್ದ ಕಬ್ಬಿಣದ ಹಳಿಯ ತುಂಡಿನ ಮೇಲೆ ಇಬ್ಬನಿ ನಿಂತಿತ್ತು. ಓಡಿಬಂದು ಹೇಳಿದೆ. “ಮ್ಯಾಲಿನ ಅಂಚಿಗೋ, ಕೆಳಗಿನ ಅಂಚಿಗೋ?” ಅಂದರು. ಮತ್ತೆ ಹೊರಗೆ ಹೋಗಬೇಕಾಯಿತು. ಇಡೀ ವರ್ಗ ನಕ್ಕಿತು, ನಾನೂ ನಕ್ಕೆ.

ಆ ವರ್ಗದಲ್ಲಿ ನನ್ನ ಜತೆ ಇದ್ದವರಲ್ಲಿ ಇಬ್ಬರು ಇಂದಿಗೂ ಗೆಳೆಯರು. ಸುವರ್ಣಾ ಭಂಡಾರಕವಠೆಯ ಹುಡುಗಿ. ಸಾಲಿಗಾಗಿ ಅಕ್ಕಲಕೋಟೆಯ ಅತ್ತೆಯ ಮನೆಯಲ್ಲಿ ಇದ್ದಳು. ನರ್ಸ್ ಆಗಿ ಸೋಲಾಪುರದ ದವಾಖಾನೆಯಲ್ಲಿ ಬಹಳ ವರ್ಷ ದುಡಿದು, ಮೂವತ್ತಾರನೆಯ ವಯಸ್ಸಿಗೆ ಜರ್ಮನ್ ಭಾಷೆ ಕಲಿತು, ಆ ದೇಶದ ಒಂದು ಸಣ್ಣ ಊರಿಗೆ ಹೋದಳು. ಅಲ್ಲಿ ವಯಸ್ಸಾದವರು ಇರುವ ಒಂದು ಆರೈಕೆ ಮನೆಯಲ್ಲಿ ಕೆಲಸ. ಶರಣು ಮಸ್ಕತ್ತಿನಲ್ಲಿ ಎ.ಸಿ. ರಿಪೇರಿ ಮಾಡುತ್ತಾನೆ. ನಾನು ಮದುವೆಯಾಗಿ ಸೋಲಾಪುರಕ್ಕೆ ಬಂದೆ. ನವಿ ಪೇಠದಲ್ಲಿ ನಮ್ಮದು ಚಾದರ, ರಗ್ಗಿನ ಅಂಗಡಿ. ಮೂವರದೂ ಫೋನಿನಲ್ಲಿ ಒಂದು ಗುಂಪು. ಶರಣು ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆಯುತ್ತಾನೆ. ಸುವರ್ಣಾ ಇಂಗ್ಲಿಷ್ ಅಕ್ಷರದಲ್ಲಿ. ನಾನೊಬ್ಬಳೇ ಕನ್ನಡದಲ್ಲಿ ಬರೆಯುವವಳು. ನನ್ನ ಮಕ್ಕಳು ಹೆಗಲ ಮೇಲಿಂದ ಇಣುಕಿ ನೋಡುತ್ತಾರೆ, ಮರಾಠಿ ಸಾಲಿಯವರು, ಓದಲಿಕ್ಕೆ ಅವರಿಗೆ ಬರುವುದಿಲ್ಲ.

ಮೂರು ವರ್ಷದ ಹಿಂದಿನ ಚಳಿಗಾಲವದು. ಡಿಸೆಂಬರ್ ಅರ್ಧ ಕಳೆದಿದ್ದರೂ ನಮ್ಮ ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು. ರಗ್ಗಿನ ಗಂಟುಗಳನ್ನು ಬಿಚ್ಚಿಯೇ ಇರಲಿಲ್ಲ. ಇದೇನು ಚಳಿಗಾಲವೋ ಎಂದು ಗುಂಪಿನಲ್ಲಿ ಬರೆದೆ. ಶರಣು ಒಂದು ಫೋಟೋ ಕಳಿಸಿದ. ಅವನ ಅಂಗೈಯಲ್ಲಿ ಆಲಿಕಲ್ಲು, ಹಿಂದೆ ಮರಳುಗಾಡು. ಸುವರ್ಣಾ ಬರೆದಳು, “ಇಲ್ಲಿ ಇಷ್ಟೊತ್ತಿಗೆ ಹಿಮ ಬೀಳಬೇಕು. ನಾನು ತೆಳ್ಳಗಿನ ಜಾಕೀಟ್ ಹಾಕ್ಕೊಂಡು ಅಡ್ಡಾಡಾಕತ್ತೀನಿ.” ಅಲ್ಲಿಯತನಕ ನಮ್ಮ ಊರಿನ ಹವಾ ಮಾತ್ರ ಕೆಟ್ಟಿದೆಯೆಂದು ಮೂವರೂ ತಿಳಿದುಕೊಂಡಿದ್ದೆವು. ಹೀಗೇಕೆ ಎಂದು ಯಾರನ್ನು ಕೇಳುವುದು? “ಸರ್ ಅದಾರಲ್ಲ!” ಎಂದು ಶರಣು ಬರೆದ.

ಅಕ್ಕಲಕೋಟೆಯಿಂದ ಬರುವ ಒಬ್ಬ ಗಿರಾಕಿಯ ಕಡೆಯಿಂದ ಸರ್ ಅವರ ಫೋನ್ ನಂಬರ್ ಸಿಕ್ಕಿತು. ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು ಮಾತಾಡಿ. ನನ್ನ ಹೆಸರು ಹೇಳಿದೆ. ಗುರುತು ಹಿಡಿದವರು ಆರೋಗ್ಯ, ಮಕ್ಕಳು, ಮನೆ ಏನನ್ನೂ ವಿಚಾರಿಸಲಿಲ್ಲ.

“ಥಂಡಿ ಎಷ್ಟೈತಿ ಅಲ್ಲಿ?”

“ಇಪ್ಪತ್ತು ತೋರಸಾಕತ್ತೈತ್ರಿ ಸರ್, ಫೋನಿನ್ಯಾಗ.”

“ಫೋನ್ ಎಲ್ಲೈತಿ? ನಿನ್ನ ಕೈಯಾಗಲಾ? ಹೊರಗ ಹೋಗಿ ನೋಡಿ ಹೇಳು.”

ಸರ್ ನಮ್ಮ ಗುಂಪಿಗೆ ಬಂದದ್ದು ಹೀಗೆ. ನಾನು ಬರೆಯುವುದಿಲ್ಲ, ಬರೀ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತೇನೆ ಎಂದರು. ನಾವೂ ಹಾಗೇ ಮಾಡಬೇಕಂತೆ. ವಯಸ್ಸಾಗಿದೆ, ಅಕ್ಷರ ಒತ್ತಲು ಬೇಸರವಿರಬೇಕು ಎಂದುಕೊಂಡೆವು. ಮೂವರೂ ಒಂದೊಂದು ಥರ್ಮಾಮೀಟರ್ ತಂದು ನೆರಳಿನಲ್ಲಿ ತೂಗುಹಾಕಬೇಕು, ಅವರವರ ಊರಿನ ಬೆಳಿಗ್ಗೆ ಏಳಕ್ಕೆ ನೋಡಬೇಕು, ಮೊದಲು ಅಂಕಿ, ಆಮೇಲೆ ಕಣ್ಣಿಗೆ ಬಿದ್ದದ್ದು ಒಂದು. ನಲವತ್ತರ ಹತ್ತಿರ ಬಂದ ನಾವು ಮತ್ತೆ ಪಾಳಿಯ ಮಕ್ಕಳಾದೆವು.

ಶರಣುವಿನ ಆಲಿಕಲ್ಲಿನ ಸುದ್ದಿ ಕೇಳಿ ಸರ್, “ಇನ್ನೊಮ್ಮೆ ಬಿದ್ರ ಒಂದ ಕೊಯ್ದು ನೋಡು. ಒಳಗ ಎಷ್ಟ ಪದರ ಅದಾವ?” ಎಂದರು. ಎರಡು ದಿನ ಬಿಟ್ಟು ಮತ್ತೆ ಬಿತ್ತು. ಶರಣು ಅದನ್ನು ಕಬ್ಬಿಣ ಕೊಯ್ಯುವ ಗರಗಸದ ಬ್ಲೇಡಿನಲ್ಲಿ ಕೊಯ್ದ. ಉಳ್ಳಾಗಡ್ಡಿಯ ಹಾಗೆ ಮೂರು ಸುತ್ತು ಇದ್ದವಂತೆ. “ಅಂದ್ರ ಕೆಳಗ ಬೀಳೂಕಿಂತ ಮೊದಲ ಗಾಳಿ ಅದನ್ನ ಮೂರ ಸಲ ಮ್ಯಾಲ ಒಯ್ದಿರಬೇಕು, ನೋಡು!” ಎಂದ ಸರ್ ಅವರ ದನಿಯಲ್ಲಿ ಎಂಥ ಹಿಗ್ಗು! ಡಿಸೆಂಬರಿನಲ್ಲೇ ಕೋಗಿಲೆ ಕೂಗುತ್ತಿದೆ ಎಂದು ನಾನು ಹೇಳಿದೆ. “ಒಂದ ಕೂಗತೈತೋ, ಇನ್ನೊಂದು ಉತ್ತರಾ ಕೊಡತೈತೋ?” ಎಂದು ಕೇಳಿದರು. ನಾಲ್ಕು ಮುಂಜಾನೆ ಮಾಳಿಗೆಯ ಮೇಲೆ ನಿಂತು ಕೇಳಿಸಿಕೊಂಡೆ. ಉತ್ತರ ಬರಲಿಲ್ಲ. ಒಂದೇ ಕೂಗುತ್ತಿತ್ತು.

ಹೀಗೆಲ್ಲ ಯಾಕೆ ಆಗುತ್ತಿದೆ ಎಂದು ನಾವು ಕೇಳಿದರೆ ಮಾತ್ರ ಅವರು ಅವಸರ ಮಾಡುತ್ತಿರಲಿಲ್ಲ. “ಒಂದ ವರ್ಷದ್ದ ನೋಡಿ ಹೇಳಾಕ ಬರಂಗಿಲ್ಲ. ಕೂಡಸ್ರಿ ಮೊದಲ” ಎನ್ನುತ್ತಿದ್ದರು.

ಒಂದು ದಿನ ಸುವರ್ಣಾ ಹೇಳಿದಳು. ಆರೈಕೆ ಮನೆಯ ಹಿತ್ತಲಿನಲ್ಲಿ ಒಂದು ಪೊದೆ ಹೂಬಿಟ್ಟಿದೆ, ಎಲೆಯಿಲ್ಲದ ಕಡ್ಡಿಗಳ ತುಂಬ ಹಳದಿ ಕುಚ್ಚುಗಳು ಜೋತುಬಿದ್ದಿವೆ, ಎರಡು ತಿಂಗಳು ಮೊದಲೇ ಬಂದಿವೆಯಂತೆ ಎಂದು. ಸರ್ ತಕ್ಷಣ ಕೇಳಿದರು, “ಜೇನು ಬಂದಾವೇನು?”

ಮರುದಿನ ಅವಳ ಮಾತು ಬಂತು. “ಹೂಂ ರೀ ಸರ್, ಬಂದಿತ್ತು. ಒಂದ ಒಂದು. ನಾ ಒಬ್ಬಾಕಿ ಅಲ್ಲ, ನಮ್ಮ ಅಜ್ಜಿನೂ ನೋಡಿದ್ಲು.” ಅಜ್ಜಿಯೆಂದರೆ ಅವಳು ನೋಡಿಕೊಳ್ಳುತ್ತಿದ್ದ ತೊಂಬತ್ತರ ಹೆಂಗಸು. ಸರ್ ಆ ದಿನ ಎರಡೆರಡು ಸಲ ಮಾತಾಡಿ ಕಳಿಸಿದರು. ಅಷ್ಟು ಖುಷಿ.

ಅದಾದ ಮೇಲೆ ಸುವರ್ಣಾಳ ಮಾತು ಗಿಡ್ಡವಾಗುತ್ತ ಬಂತು. ಕೆಲಸದ ಗಡಿಬಿಡಿ ಎಂದುಕೊಂಡೆ. ಆಮೇಲೆ ಬರೀ ಅಂಕಿ. ಆರು. ಐದು. ಆರು. ಅದೂ ಒಂದೊಂದು ದಿನ ಮಧ್ಯಾಹ್ನ ಬರುತ್ತಿತ್ತು. ಹೊಸ ವರ್ಷ ಬಂತು. ಸೋಲಾಪುರದಲ್ಲಿ ಎಂದೂ ಕಾಣದಂಥ ಮಂಜು ಮೂರು ದಿನ ಕವಿಯಿತು. ಹೊತ್ತೇರಿದ ಮೇಲೂ ಬಸ್ಸುಗಳು ದೀಪ ಹಚ್ಚಿಕೊಂಡೇ ಹೋಗುತ್ತಿದ್ದವು. ನಾನು ಆ ಸಂಭ್ರಮದಲ್ಲಿ ಇದ್ದಾಗ ಸರ್ ಅವರಿಂದ ಫೋನ್ ಬಂತು.

“ಸುವರ್ಣಾನ ಊರಾಗ ಮೂರ ದಿವಸದಿಂದ ಹಿಮ ಬೀಳಾಕತ್ತೈತಂತ. ಶರಣು ಸುದ್ದಿ ನೋಡ್ಯಾನ. ಹಿಮದ ಹಾದಿ ಕಾಯ್ಕೋತ ಕುಂತಿದ್ದಾಕಿ ಒಂದ ಶಬ್ದ ಹೇಳಿಲ್ಲ. ಇವತ್ತೂ ಆರು ಅಂದಾಳ. ಹಿಮ ಬೀಳೂ ಊರಾಗ ಆರು ಹೆಂಗ ಇರತೈತಿ? ಆಕಿ ಹೊರಗ ಹೋಗವಲ್ಲಳು. ನೀ ಮಾತಾಡ ಯವ್ವಾ.”

ಮೂರು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಎತ್ತಿದಳು. ಪರದೆ ಎಳೆದ ಕೋಣೆ, ಬಾಚದ ತಲೆ. ಮೊದಲು ನೆಗಡಿ ಎಂದಳು. ಆಮೇಲೆ ಅಳುತ್ತ ಹೇಳಿದಳು.

ಆ ಅಜ್ಜಿಗೆ ಅವಳು ನಮ್ಮ ಗುಂಪಿನ ಕತೆ ಹೇಳುತ್ತಿದ್ದಳಂತೆ. ಹಿಂದುಸ್ತಾನದಲ್ಲಿ ಒಬ್ಬ ಮಾಸ್ತರು ಜೇನು ಬಂದಿದೆಯೋ ಎಂದು ಕೇಳಿದ್ದಾರೆ ಎಂದಾಗ ಅಜ್ಜಿ, ನಾನೂ ನೋಡಬೇಕು ನಡೆ ಎಂದಳಂತೆ. ಬಿಸಿಲಿತ್ತು, ಮೈ ಬೆಚ್ಚಗಾಗುವಷ್ಟಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ, ರಗ್ಗು ಹೊದಿಸಿ, ಪೊದೆಯ ಬಳಿ ಕರೆದೊಯ್ದಳು. ಜೇನು ಬರುವವರೆಗೂ ಒಳಗೆ ಹೋಗಲು ಅಜ್ಜಿ ಒಪ್ಪಲಿಲ್ಲ. ಅರ್ಧ ತಾಸಿನ ಮೇಲಾಯಿತು, ಗಾಳಿ ತಿರುಗಿತು. ಮರುದಿನ ಕೆಮ್ಮು, ಐದನೆಯ ದಿನ ದವಾಖಾನೆ, ಒಂಬತ್ತನೆಯ ದಿನ ಅಜ್ಜಿ ಇಲ್ಲ.

“ಯಾರೂ ನನಗ ಬೈದಿಲ್ಲ. ಇಷ್ಟ ವಯಸ್ಸಿಗೆ ಹಿಂಗ ಆಗತೈತಿ ಅಂತ ಡಾಕ್ಟರ್ ಅಂದ್ರು. ಖರೇ, ಆಕೀ ಮಗಳು ಬಂದಾಕಿ ಒಂದ ಮಾತ ಕೇಳಿದ್ಲು. ಡಿಸೆಂಬರದಾಗ ಅವ್ವನ ಯಾಕ ಹೊರಗ ಒಯ್ದಿ ಅಂತ. ನಾ ಏನ ಹೇಳ್ಲಿ? ಜೇನ ನೋಡಾಕ ಅನ್ಲೇನು?”

ಹತ್ತು ದಿನದಿಂದ ಅವಳು ರಜೆ ಹಾಕಿ ಕೋಣೆಯಲ್ಲಿ ಕೂತಿದ್ದಳು. ಮೊದಲೆರಡು ದಿನ ಫೋನ್ ನೋಡಿ ಅಂಕಿ ಕಳಿಸಿದಳು. ಆಮೇಲೆ ಅದನ್ನೂ ನೋಡದೆ ಬಾಯಿಗೆ ಬಂದದ್ದು. “ಸರ್‌ಗೆ ಹೇಳಬ್ಯಾಡ” ಎಂದಳು.

ಎರಡು ದಿನ ಹೇಳಲಿಲ್ಲ. ನೆಗಡಿ ಎಂದೆ. ಸರ್ “ಹೂಂ” ಎಂದ ರೀತಿಯಲ್ಲೇ ಅವರು ನಂಬಲಿಲ್ಲವೆಂದು ತಿಳಿಯಿತು. ಮೂರನೆಯ ದಿನ ಬೆಳಗಿನ ಮೊದಲ ಬಸ್ಸಿಗೆ ಅಕ್ಕಲಕೋಟೆಗೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಅಂಗಳಕ್ಕೆ ಕಾಲಿಟ್ಟಾಗ ಏಳಕ್ಕೆ ಸ್ವಲ್ಪ ಹೊತ್ತಿತ್ತು. ಸರ್ ಬಾಗಿಲಿನಿಂದ ಹೊರಗೆ ಬಂದರು. ಬಹಳ ಸೊರಗಿದ್ದರು. ನನ್ನತ್ತ ನೋಡಲಿಲ್ಲ. ಬಗ್ಗಿ ಹೊಸ್ತಿಲ ಮುಂದಿನ ಕಲ್ಲಿನ ಮೇಲೆ ಅಂಗೈ ಇಟ್ಟರು. ಆಮೇಲೆ ಗೋಡೆ ಹಿಡಿದು ನಡೆದು, ಇಡೀ ರಾತ್ರಿ ಹೊರಗಿದ್ದ ತಾಮ್ರದ ಬಿಂದಿಗೆಯನ್ನು ಮುಟ್ಟಿದರು. ಮೂಗಿನಿಂದ ಒಮ್ಮೆ ಗಾಳಿ ಎಳೆದುಕೊಂಡು, “ಹದಿಮೂರೂವರಿ” ಎಂದು ಫೋನಿನಲ್ಲಿ ಮಾತಾಡಿದರು. ಅವರ ತಲೆಯ ಮೇಲೇ ಗೋಡೆಗೆ ಥರ್ಮಾಮೀಟರ್ ಇತ್ತು. ನೋಡಿದೆ. ಹದಿನಾಲ್ಕು.

ನನಗೆ ಒಮ್ಮೆಲೇ ಎಲ್ಲ ಅರ್ಥವಾಯಿತು. “ಸರ್...” ಎಂದೆ.

“ಯಾರವಾ? ಸೋಲಾಪುರದಾಕಿ ಏನು? ಎಷ್ಟೈತಿ ನೋಡಿ ಹೇಳು, ಎಷ್ಟ ತಪ್ಪೇನಿ?”

“ಅರ್ಧಾ, ಸರ್.”

“ಅರ್ಧಾ ಏನ ಭಾಳ ಆಗಲಿಲ್ಲ” ಎಂದು ನಕ್ಕರು. ಜತೆಯಲ್ಲಿದ್ದ ಅವರ ಮಗಳು ಚಹಾ ತಂದಾಗ ಮೆಲ್ಲಗೆ ಹೇಳಿದರು. ಕಾಚಬಿಂದು ಎಂಬ ಕಣ್ಣಿನ ರೋಗವಾಗಿ ಎರಡು ವರ್ಷದಿಂದ ಅಪ್ಪನ ಕಣ್ಣು ಪೂರ್ತಿ ಹೋಗಿದೆ ಎಂದು. ಅದು ಸರ್ ಕಿವಿಗೂ ಬಿತ್ತು. “ಆ ಇಬ್ಬರಿಗೂ ಹೇಳಬ್ಯಾಡ. ಕನಿಕರ ಮಾಡಿ ನನಗ ಚಂದ ಚಂದ ಸುಳ್ಳ ಹೇಳ್ತಾರ. ನನಗ ಖರೇ ಬೇಕು” ಎಂದರು.

ಖರೇ ಬೇಕೆಂದವರಿಗೆ ನಾನು ಖರೇ ಹೇಳಿದೆ. ಪೊದೆ, ಅಜ್ಜಿ, ತಿರುಗಿದ ಗಾಳಿ, ಅಜ್ಜಿಯ ಮಗಳ ಪ್ರಶ್ನೆ, ಎಲ್ಲವನ್ನೂ. ಸರ್ ಕೈಯಲ್ಲಿದ್ದ ಚಹಾದ ಕಪ್‌ಬಸಿಯನ್ನು ಕೆಳಗಿಟ್ಟರು. ಮಗಳು ಬಂದು ಒಂದು ಸಲ ಇಣುಕಿ ಹೋದರು. ಅಂಗಳಕ್ಕೆ ಬಿಸಿಲು ಬಂತು, ಅವರ ಕಾಲಿನ ತನಕ ಬಂತು.

“ಅಂದ್ರ ನಾ ಕೇಳಿದ ಜೇನು” ಎಂದರು ಕೊನೆಗೆ.

ಆಮೇಲೆ ತಲೆ ಎತ್ತಿ ಕೇಳಿದರು, “ಆ ಅಜ್ಜಿ ಜೇನ ನೋಡಿ ಏನಂದ್ಲು?”

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಸಿಟ್ಟು ಬಂತು. ಒಂದು ಜೀವ ಹೋಗಿದೆ, ಇನ್ನೊಂದು ಕತ್ತಲೆಯಲ್ಲಿ ಕೂತಿದೆ, ಇವರಿಗೆ ಇನ್ನೂ ಪ್ರಶ್ನೆಯೇ? “ನಾ ಕೇಳಿಲ್ರಿ” ಎಂದೆ ಒರಟಾಗಿ.

“ಕೇಳಬೇಕಾಗಿತ್ತು. ಯಾಕ ಹೊರಗ ಒಯ್ದಿ ಅಂತ ಒಬ್ಬಾಕಿ ಕೇಳ್ಯಾಳ. ಈಕೀನೂ ಹಗಲೆಲ್ಲಾ ತನಗ ತಾನ ಅದನ್ನ ಕೇಳ್ಕೋತ ಕುಂತಾಳ. ಹೊರಗ ಹೋಗಿ ಆ ಮುದುಕಿ ಏನ ಕಂಡ್ಲು ಅಂತ ಯಾರಾರೆ ಕೇಳ್ಯಾರೇನು?”

ಅಲ್ಲೇ ಕೂತು ಫೋನ್ ಬಾಯಿಯ ಹತ್ತಿರ ಹಿಡಿದು ಸುವರ್ಣಾಗೆ ಮಾತಾಡಿದರು. ತಪ್ಪು ನಿನ್ನೊಬ್ಬಳದಲ್ಲ, ಜೇನು ಕೇಳಿದವನು ನಾನು, ಅಲ್ಲಿನ ಗಾಳಿ ಹೇಗೆ ತಿರುಗುತ್ತದೆ ಎಂದು ತಿಳಿಯದೆ ಇಲ್ಲಿ ಬೆಚ್ಚಗೆ ಕೂತು ಕೇಳಿಬಿಟ್ಟೆ ಎಂದರು. ಆಮೇಲೆ, “ಆಕಿ ಏನಂದ್ಲು, ಅಷ್ಟ ಹೇಳು ತಂಗಿ. ಈಗ ಹೇಳಬೇಕಂತೇನಿಲ್ಲ” ಎಂದು ಮುಗಿಸಿದರು.

ಆ ದಿನ ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಬಂತು. ಏಳು ನಿಮಿಷದ ಮಾತು. ಚಾದರದ ರಾಶಿಯ ಹಿಂದೆ ಕೂತು ಕೇಳಿದೆ.

ಜೇನು ಬಂದು ಕುಚ್ಚಿನ ಮೇಲೆ ಕೂತಾಗ ಅಜ್ಜಿ ಸಣ್ಣ ಹುಡುಗಿಯ ಹಾಗೆ ನಕ್ಕಳಂತೆ. ಅವಳ ಅಪ್ಪ ಜೇನು ಸಾಕುತ್ತಿದ್ದನಂತೆ. ಚಳಿಗಾಲದಲ್ಲಿ ಪೆಟ್ಟಿಗೆಗೆ ಕಿವಿ ಹಚ್ಚಿ, ಒಳಗೆ ಜೀವ ಇದೆಯೋ ಇಲ್ಲವೋ ಎಂದು ಕೇಳಲು ಮಗಳನ್ನು ಕಳಿಸುತ್ತಿದ್ದನಂತೆ. ವರ್ಷದಲ್ಲಿ ಮೊದಲು ಹೊರಬೀಳುವ ಜೇನಿಗೆ ಅವರ ಊರಿನ ಮಾತಿನಲ್ಲಿ ಒಂದು ಹೆಸರಿತ್ತು. ಅಜ್ಜಿ ಅದನ್ನು ಹೇಳಿ, ಸುವರ್ಣಾಳಿಂದ ಮೂರು ಸಲ ಹೇಳಿಸಿ, ನಾಲಿಗೆ ತಿರುಗದಿದ್ದಾಗ ಅವಳ ಗಲ್ಲ ಹಿಂಡಿದ್ದಳು. “ಇಲ್ಲಿಗಿ ಬಂದು ಮೂರ ವರ್ಷ ಆತ್ರಿ ಸರ್. ಇಷ್ಟೊತ್ತು ನನ್ನ ಕೂಡ ಯಾರೂ ಮಾತಾಡಿರಲಿಲ್ಲ...” ಎಂದಳು. ಆಮೇಲೆ ಕಿಟಕಿ ತೆರೆದ ಸದ್ದು ಕೇಳಿಸಿತು. “ಹಿಮ ಬಿದ್ದೈತ್ರಿ. ಮೊಳಕಾಲ ಮಟಾ ಐತಿ” ಎಂದಳು.

ವಾರದ ನಂತರ ಅವಳು ಕೆಲಸಕ್ಕೆ ಹೋದಳು. ಅಜ್ಜಿಯ ಮಗಳನ್ನು ತಾನೇ ಹುಡುಕಿಕೊಂಡು ಹೋಗಿ ಇದನ್ನೆಲ್ಲ ಹೇಳಿದಳು. ಆ ಹೆಂಗಸು ಕ್ಷಮಿಸಿದೆ ಎಂದೇನೂ ಅನ್ನಲಿಲ್ಲವಂತೆ. ತನ್ನ ಅಜ್ಜ ಜೇನು ಸಾಕುತ್ತಿದ್ದದ್ದು ಆಕೆಗೆ ಗೊತ್ತಿರಲಿಲ್ಲ. ಆ ಹೆಸರನ್ನು ಇನ್ನೊಮ್ಮೆ ಹೇಳು ಎಂದು, ಒಂದು ಕಾಗದದ ಮೇಲೆ ಬರೆದುಕೊಂಡು ಹೋದಳಂತೆ.

ಸರ್ ಆಮೇಲೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ಆದರೆ ಪ್ರತಿ ಪ್ರಶ್ನೆಯ ಹಿಂದೆ ಒಂದು ಮಾತು ಸೇರಿಕೊಂಡಿತು: “ಸ್ವೆಟರ್ ಹಾಕ್ಕೊಂಡ ಹೋಗಿ ನೋಡ್ರಿ.” ನಲವತ್ತು ಡಿಗ್ರಿಯ ಮಸ್ಕತ್ತಿನ ಮೇ ತಿಂಗಳಿನಲ್ಲೂ ಶರಣುವಿಗೆ ಹಾಗೆಯೇ ಹೇಳಿ ನಗಿಸುತ್ತಿದ್ದರು. ಮತ್ತೊಂದು ಚಳಿಗಾಲವನ್ನು ಅವರೊಂದಿಗೆ ನೋಡಿದೆವು. ಅದರ ಮುಂದಿನ ಆಷಾಢದಲ್ಲಿ ಒಂದು ಬೆಳಿಗ್ಗೆ ಅವರ ಅಂಕಿ ಬರಲಿಲ್ಲ. ಒಂಬತ್ತಕ್ಕೆ ಮಗಳ ಫೋನ್ ಬಂತು.

ಈ ಡಿಸೆಂಬರಿನಲ್ಲಿ ಸುವರ್ಣಾ ರಜೆಗೆ ಬಂದಳು, ಶರಣುವೂ ಬಂದ. ಮೊನ್ನೆ ಮೂವರೂ ಅಕ್ಕಲಕೋಟೆಗೆ ಹೋಗಿ ಸರ್ ಅವರ ಮಗಳನ್ನು ಕಂಡೆವು. ಸರ್ ಅವರ ಕಣ್ಣಿನ ವಿಷಯವನ್ನು ಅಲ್ಲಿಯೇ ನಾನು ಇವರಿಬ್ಬರಿಗೂ ಹೇಳಿದೆ. ಶರಣು ಮುಖ ತಿರುಗಿಸಿಕೊಂಡ. ಸುವರ್ಣಾ ಮಾತ್ರ ಮಗಳನ್ನು ಕೇಳಿದಳು.

“ಸರ್ ಹೋದ ದಿವಸ ಹವಾ ಹೆಂಗಿತ್ರಿ ಅಕ್ಕಾ?”

ಅವರು ಯೋಚಿಸಿದರು. “ಮಳಿ ಇತ್ತೇನೋ... ಇಲ್ಲ, ಬಿಸಲ ಬಿದ್ದಿತ್ತನಸತೈತಿ. ನೆನಪಿಲ್ಲವಾ. ಯಾರು ನೋಡ್ಯಾರ ಅವತ್ತ?”

ಸುವರ್ಣಾ ನನ್ನತ್ತ ತಿರುಗಿದಳು. ಅಂದು ಅಲ್ಲಿಗೆ ಹೋದವಳು ಮೂವರಲ್ಲಿ ನಾನೊಬ್ಬಳೇ. ಸೋಲಾಪುರದಿಂದ ಒಂದು ತಾಸಿಗೂ ಹೆಚ್ಚಿನ ದಾರಿ, ಬಸ್ಸಿನಲ್ಲಿ ಕಿಟಕಿಯ ಪಕ್ಕದಲ್ಲೇ ಕೂತಿದ್ದೆ. ಕೈಯಲ್ಲಿದ್ದ ಕರವಸ್ತ್ರದ ಬಣ್ಣ ನೆನಪಿದೆ, ಮುಂದೆ ಕೂತವಳ ಮಡಿಲಲ್ಲಿ ಮಗು ಅಳುತ್ತಿದ್ದದ್ದು ನೆನಪಿದೆ. ಆದರೆ ಕಿಟಕಿಯಾಚೆ ಮಳೆಯಿತ್ತೋ, ಮೋಡವಿತ್ತೋ, ಬಿಸಿಲಿತ್ತೋ... ನನಗೆ ಗೊತ್ತಿಲ್ಲ. ನಾನು ನೋಡಿರಲಿಲ್ಲ.